ಕರೆಸಿಕೊಂಡವರ ಕಥೆ

ಮಂಗಳೂರಿಗೆ ನೆಂಟರು ಬಂದರೆ ತೋರಿಸುವ ಜಾಗಗಳು ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಕದ್ರಿ, ಕುದ್ರೋಳಿ, ಪಣಂಬೂರು, ಆಮೇಲೆ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್, ಅಂದರೆ ಅಲೋಶಿಯಸ್ ಶಾಲೆ-ಕಾಲೇಜಿನ ಪ್ರಾರ್ಥನಾ ಮಂದಿರ, ಗೋಡೆ ಛಾವಣಿ ತುಂಬ ಚಿತ್ರ. ಚಾಪೆಲ್ ಒಳಗೆ ಹೋದವರು ತಲೆ ಎತ್ತಿ ನಿಂತರೆ ಹತ್ತು ನಿಮಿಷ ಕೆಳಗೆ ನೋಡುವುದಿಲ್ಲ. ಹೊರಗೆ ಬಂದ ಮೇಲೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ಇಟಲಿಯವರು ಇಷ್ಟು ದೂರ ಬಂದು ಎಷ್ಟು ಚೆಂದ ಕಟ್ಟಿಟ್ಟು ಹೋಗಿದ್ದಾರೆ ಅಲ್ವಾ!" ಮಾತು ಸುಳ್ಳಲ್ಲ. ಚಿತ್ರ ಬರೆದವರು ಇಟಲಿಯವರೇ. ಅದಕ್ಕೂ ಮೊದಲು ಅಲ್ಲಿ ಶಾಲೆ ಶುರುಮಾಡಿದ ಪಾದ್ರಿಗಳಲ್ಲಿ ಹೆಚ್ಚಿನವರೂ ಇಟಲಿಯವರೇ. ಆದರೂ ಆ ಮಾತು ಕೇಳಿದಾಗಲೆಲ್ಲ ನನಗೆ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತದೆ. ಒಂದು ಊರಿನವರು ತಮಗೊಂದು ಶಾಲೆ ಬೇಕು ಅಂತ ಹಟ ಹಿಡಿದು ತರಿಸಿಕೊಂಡ ಕಥೆ, ಹೇಳುವಷ್ಟರಲ್ಲಿ ಯಾರೋ ಬಂದು ಕೊಟ್ಟುಹೋದ ಕಥೆ ಆಗಿಬಿಡುತ್ತದೆ.

ಇದನ್ನು ನನಗೆ ಮೊದಲು ಹೇಳಿದವರು ಇತಿಹಾಸದ ಮಾಸ್ಟ್ರಲ್ಲ. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ವಯಸ್ಸಾದ ಕೆಥೊಲಿಕ್ ಹೆಂಗಸೊಬ್ಬರಿದ್ದರು. ಬೀದಿಯವರಿಗೆಲ್ಲ ಅವರು ಬಾಯಮ್ಮ. ಅವರ ಮನೆಯ ಗಂಡಸರು ತಲೆಮಾರುಗಳಿಂದ ಅಲೋಶಿಯಸ್‌ನಲ್ಲೇ ಓದಿದವರು. ನನಗೆ ಅದೇ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು ಅಂತ ಹೇಳಲು ಅಮ್ಮ ಅವರ ಮನೆಗೆ ಕಳಿಸಿದ್ದರು. ಮೇ ತಿಂಗಳ ಬಿಸಿಲು. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಕೈಯಲ್ಲೊಂದು ಕೋಲು, ಕಾಗೆ ಓಡಿಸಲು. ನಾನು ಸುದ್ದಿ ಹೇಳಿ, ದೊಡ್ಡವರು ಹೇಳುವುದನ್ನು ಕೇಳಿದ್ದಂತೆ, "ಫಾದರ್‌ಗಳು ಇಟಲಿಯಿಂದ ಬಂದು ಮಾಡಿದ ಶಾಲೆಯಂತೆ" ಅಂದೆ. ಅವರು ಕೋಲು ಕೆಳಗಿಟ್ಟರು. "ಅವರಾಗಿ ಬಂದದ್ದಲ್ಲ ಮಗಾ. ನಮ್ಮ ಹಿರಿಯರು ಕಾಗದ ಬರೆದು ಬರೆದು ಕರೆಸಿದ್ದು. ಜಾಗ ನಮ್ಮವರದ್ದು, ಹಣ ನಮ್ಮವರದ್ದು, ಓದುವ ಮಕ್ಕಳು ನಮ್ಮವರು. ಅವರು ಬಂದು ಕಲಿಸಿದರು, ಅದಕ್ಕೆ ಋಣ ಇದೆ. ಆದರೆ ಕರೆಸಿದ್ದು ನಾವು." ಆಮೇಲೆ ನಾಲ್ಕು ಹಸಿ ಹಪ್ಪಳ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಕರೆಸಿದ್ದು ಅಂದರೇನು, ಯಾಕೆ ಕರೆಸಿದರು ಅಂತ ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಮುಂದೆ ಹಳೆಯ ಪುಸ್ತಕಗಳನ್ನು ತಿರುವುವಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಬಾಯಮ್ಮ ಹೇಳಿದ್ದು ಸರಿಯಾಗಿಯೇ ಇತ್ತು.

ರೋಮಿಗೆ ಬರೆದ ಕಾಗದ

1878ರಲ್ಲಿ ಆ ಪಾದ್ರಿಗಳು ಬರುವ ಮೊದಲು ಮಂಗಳೂರಿನ ಕೆಥೊಲಿಕರು ಹೇಗಿದ್ದರು ಅಂತ ಒಮ್ಮೆ ಯೋಚಿಸಬೇಕು. 1784ರಲ್ಲಿ ಟಿಪ್ಪು ಈ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. 1799ರಲ್ಲಿ ಅವನು ತೀರಿಕೊಂಡ ಮೇಲೆ ಉಳಿದವರು ಘಟ್ಟ ಇಳಿದು ವಾಪಸು ಬಂದರು. ಬಂದಾಗ ಚರ್ಚುಗಳು ಬಿದ್ದಿದ್ದವು, ಜಮೀನು ಬೇರೆಯವರ ಕೈಯಲ್ಲಿತ್ತು. ಅಲ್ಲಿಂದ ಲೆಕ್ಕ ಹಾಕಿದರೆ, ಜೆಸ್ವಿಟ್ ಅನ್ನುವ ಕೆಥೊಲಿಕ್ ಸಂಘದ ಪಾದ್ರಿಗಳನ್ನು ಕಳಿಸಿ ಅಂತ ರೋಮನ್ನು ಒಪ್ಪಿಸುವ ಹೊತ್ತಿಗೆ ಎಂಬತ್ತು ವರ್ಷವೂ ತುಂಬಿರಲಿಲ್ಲ. ಸೆರೆಯಲ್ಲಿ ಹುಟ್ಟಿದ ಮಗುವಿನ ಮೊಮ್ಮಗ ಅರ್ಜಿಗೆ ರುಜು ಹಾಕುವ ವಯಸ್ಸಿಗೆ ಬಂದಿದ್ದ ಅಷ್ಟೆ. ಅಷ್ಟರಲ್ಲಿ ಈ ಜನ ಮತ್ತೆ ಹೊಲ ಗದ್ದೆ ಮಾಡಿದ್ದರು, ವ್ಯಾಪಾರಕ್ಕೆ ಇಳಿದಿದ್ದರು, ಕಚೇರಿಗಳಲ್ಲಿ ಕೆಲಸ ಹಿಡಿದಿದ್ದರು. ಹೊಟ್ಟೆಗೆ ಬಟ್ಟೆಗೆ ಆದ ಮೇಲೆ ಮನುಷ್ಯ ಮೊದಲು ಕೇಳುವುದು ಮಕ್ಕಳ ಓದನ್ನೇ ಅಲ್ವಾ?

ಊರಲ್ಲಿ ಶಾಲೆಗಳೇ ಇರಲಿಲ್ಲ ಅಂತಲ್ಲ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದಿತ್ತು. ಶಾಲೆ, ಅಚ್ಚುಕೂಟ, 1843ರಲ್ಲಿ 'ಮಂಗಳೂರ ಸಮಾಚಾರ', 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ, ಹೀಗೆ ಒಂದಾದ ಮೇಲೊಂದು ನಡೆದಿತ್ತು. ಸರ್ಕಾರದ ಶಾಲೆಯೂ ಇತ್ತು. ಚರ್ಚುಗಳ ಪಕ್ಕದಲ್ಲಿ ಚಿಕ್ಕ ಶಾಲೆಗಳಿದ್ದವು. ಆದರೆ ಕೆಥೊಲಿಕ್ ಅಪ್ಪನ ಮುಂದೆ ಎರಡು ದಾರಿ. ಬಾಸೆಲ್ ಮಿಷನ್ನಿಗೆ ಕಳಿಸಿದರೆ ಅಲ್ಲಿ ಕಲಿಸುವವರು ಪ್ರೊಟೆಸ್ಟಂಟರು. ಆ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ. ಸರ್ಕಾರಿ ಶಾಲೆಗೆ ಕಳಿಸಿದರೆ ಅಲ್ಲಿ ಧರ್ಮದ ಪಾಠವೇ ಇಲ್ಲ. ಇಂಗ್ಲಿಷ್ ಬೇಕು, ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಬೇಕು, ಅದರ ಬೆನ್ನಿಗೆ ಸಿಗುವ ಸರ್ಕಾರಿ ನೌಕರಿ, ವಕೀಲಿಕೆ ಬೇಕು. ಜೊತೆಗೆ ಮಗ ಪೂಜೆ, ಪ್ರಾರ್ಥನೆ ಬಿಡಬಾರದು. ಇಷ್ಟೂ ಒಂದೇ ಚಾವಡಿಯಲ್ಲಿ ಸಿಗುವ ಶಾಲೆ ಊರಲ್ಲಿ ಇರಲಿಲ್ಲ.

ಆಗ ಇಲ್ಲಿಯ ಚರ್ಚುಗಳ ಉಸ್ತುವಾರಿ ಕಾರ್ಮೆಲೈಟ್ ಅನ್ನುವ ಇನ್ನೊಂದು ಕೆಥೊಲಿಕ್ ಸಂಘದ ಪಾದ್ರಿಗಳದ್ದು. ಅವರು ಕೆಲಸ ಮಾಡಲಿಲ್ಲ ಅಂದರೆ ಅನ್ಯಾಯ. ಬಿಷಪ್ ಮೇರಿ ಎಫ್ರೆಮ್ ಅವರ ಕಾಲದಲ್ಲೇ, 1870ರಲ್ಲಿ, ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಫ್ರಾನ್ಸಿನಿಂದ ಬಂದು ಹುಡುಗಿಯರಿಗೆ ಸೇಂಟ್ ಆನ್ಸ್ ಶಾಲೆ ತೆರೆದರು. ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹುಡುಗರ ಶಾಲೆಗಿಂತ ಹತ್ತು ವರ್ಷ ಮುಂಚೆ ಹುಡುಗಿಯರ ಶಾಲೆ! ನಮ್ಮ ಊರಿನ ಬಗ್ಗೆ ಮಾತಾಡುವಾಗ ಇದನ್ನು ಯಾಕೆ ಇಷ್ಟು ಕಡಿಮೆ ಹೇಳುತ್ತೇವೆ? ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಿಷಪ್ ಮೇರಿ ಎಫ್ರೆಮ್ 1873ರಲ್ಲಿ ತೀರಿಕೊಂಡರು. ಊರಿನ ಕೆಥೊಲಿಕ್ ಮುಖಂಡರ ಬೇಡಿಕೆ ಮಾತ್ರ ನಿಲ್ಲಲಿಲ್ಲ. ನಮಗೆ ಜೆಸ್ವಿಟರನ್ನು ಕಳಿಸಿ, ಅವರು ಶಾಲೆ ನಡೆಸುವುದರಲ್ಲಿ ಪಳಗಿದವರು ಅಂತ ರೋಮಿಗೆ ಬರೆಯುತ್ತಲೇ ಹೋದರು. ಕೊನೆಗೆ 1878ರಲ್ಲಿ 13ನೇ ಲಿಯೋ ಪೋಪ್ ಮಂಗಳೂರನ್ನು ಜೆಸ್ವಿಟರ ಕೈಗೆ ಒಪ್ಪಿಸಿದರು. ಒಂದು ದಕ್ಷಿಣ ಕನ್ನಡದ ಸಮುದಾಯ, ತಮ್ಮ ಮೇಲೆ ಅಧಿಕಾರ ಇದ್ದ ಪಾದ್ರಿಗಳನ್ನೇ ಬದಲಾಯಿಸಿ ಅಂತ ಪೋಪ್‌ವರೆಗೆ ಹೋಗಿ ಗೆದ್ದದ್ದು ಇದು. ಅದರ ಹಿಂದೆ ಇದ್ದದ್ದು ಮುಖ್ಯವಾಗಿ ಶಾಲೆಯ ಆಸೆ. ನನಗಂತೂ ಚಾಪೆಲ್ಲಿನ ಚಿತ್ರಗಳಿಗಿಂತ ಇದೇ ದೊಡ್ಡ ಸಂಗತಿ ಅನ್ನಿಸುತ್ತದೆ.

ಮನೆ ಕಳೆದುಕೊಂಡು ಬಂದವರು

1878ರ ಡಿಸೆಂಬರ್ 31ಕ್ಕೆ ಜೆಸ್ವಿಟರ ಮೊದಲ ತಂಡ ಮಂಗಳೂರು ಮುಟ್ಟಿತು. ಇಟಲಿಯ ವೆನಿಸ್ ಪ್ರಾಂತದವರು ಜಾಸ್ತಿ, ಜೊತೆಗೆ ಬೇರೆ ದೇಶದ ಒಬ್ಬಿಬ್ಬರು. ಅವರಿಗೂ ಒಂದು ಕಥೆ ಇದೆ, ಅದನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ಇಟಲಿ ಒಂದು ದೇಶವಾಗುತ್ತಿದ್ದ ವರ್ಷಗಳು ಅವು. ಹೊಸ ಸರ್ಕಾರ ಮಠಗಳ ಮನೆ, ಶಾಲೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತ್ತು. ಜರ್ಮನಿ 1872ರಲ್ಲಿ ಜೆಸ್ವಿಟರನ್ನು ದೇಶದಿಂದಲೇ ಹೊರಗೆ ಹಾಕಿತ್ತು. ಮಂಗಳೂರಿಗೆ ಬಂದವರು ತಮ್ಮ ಊರಿನಲ್ಲಿ ಪಾಠ ಮಾಡಲು ಜಾಗ ಇಲ್ಲದವರು. ಇಲ್ಲಿಯವರು ಪಾಠ ಮಾಡುವವರಿಲ್ಲದೆ ಕಾಯುತ್ತಿದ್ದವರು. ಎರಡೂ ಕಡೆಯ ಕೊರತೆ ಒಂದೇ ವರ್ಷ ಒಂದಾಯಿತು.

ಆ ತಂಡದಲ್ಲಿದ್ದ ಫಾದರ್ ಆಗಸ್ಟಸ್ ಮುಲ್ಲರ್ ಜರ್ಮನಿಯಲ್ಲಿ ಹುಟ್ಟಿದವರು. ಅಲೋಶಿಯಸ್‌ನಲ್ಲಿ ಪಾಠ ಮಾಡುತ್ತಲೇ 1880ರಲ್ಲಿ ಕಂಕನಾಡಿಯಲ್ಲಿ, ಆಲದ ಮರದ ಕೆಳಗೆ, ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದರು. ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಕರಾವಳಿಯಲ್ಲಿ ಆ ಆಸ್ಪತ್ರೆಯ ಮೆಟ್ಟಿಲು ಹತ್ತದ ಕುಟುಂಬ ಕಡಿಮೆ. ಶಾಲೆ ಬೇಕು ಅಂತ ಕರೆಸಿದ್ದು, ಆಸ್ಪತ್ರೆ ಅದರ ಜೊತೆ ಬಂತು.

ಗುಡ್ಡದ ಕೆಳಗಿನ ಮೊದಲ ವರ್ಷಗಳು

ಇವತ್ತು ಅಲೋಶಿಯಸ್ ಅಂದರೆ ಕಣ್ಣ ಮುಂದೆ ಬರುವುದು ಗುಡ್ಡದ ಮೇಲಿನ ಉದ್ದ ಕಟ್ಟಡ. 1880ರ ಜನವರಿಯಲ್ಲಿ ಪಾಠ ಶುರುವಾದಾಗ ಅದು ಯಾವುದೂ ಇರಲಿಲ್ಲ. ಪಾದ್ರಿಗಳು ಬಂದು ಒಂದು ವರ್ಷ ಆಗಿತ್ತು ಅಷ್ಟೆ. ಇದ್ದ ಜಾಗದಲ್ಲೇ ಬೆಂಚು ಹಾಕಿ ಆರಂಭ ಮಾಡಿದರು. ಕಟ್ಟಡ ಮುಗಿಯುವವರೆಗೆ ಕಾಯೋಣ ಅನ್ನಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಈಗ ಶಾಲೆ ತೆರೆಯುವುದು ಅಂದರೆ ಮೊದಲು ಕಟ್ಟಡ, ಗೇಟು, ಬೋರ್ಡು. ಆಗ ಮೊದಲು ಹುಡುಗರು, ಆಮೇಲೆ ಮಾಸ್ಟ್ರು, ಎಲ್ಲಕ್ಕಿಂತ ಕೊನೆಗೆ ಗೋಡೆ.

ಗುಡ್ಡದ ಮೇಲಿನ ಜಾಗ ಕೊಟ್ಟದ್ದು ಊರಿನದೇ ಲೋಬೊ ಪ್ರಭು ಮನೆತನ. ಗುಡ್ಡಕ್ಕೆ ಆಗಲೇ ತನ್ನದೊಂದು ಬಾಳುವೆ ಇತ್ತು. ಅಲ್ಲೇ ಈದ್ಗಾ ಇದೆ, ಒಂದು ಕಾಲದಲ್ಲಿ ಹಡಗುಗಳಿಗೆ ದಾರಿ ತೋರಿಸುತ್ತಿದ್ದ ಹಳೆಯ ದೀಪಸ್ತಂಭ ಇದೆ. 1837ರ ಅಮರ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದು ಬಂದು ಬಾವುಟ ಹಾರಿಸಿದ್ದು ಇದೇ ಗುಡ್ಡದಲ್ಲಿ ಅಂತ ಊರು ನೆನಪಿಟ್ಟುಕೊಂಡಿದೆ. ಅಂಥ ಜಾಗಕ್ಕೆ ಶಾಲೆ 1885ರಲ್ಲಿ ಹತ್ತಿ ಬಂತು. ಮುರಕಲ್ಲು, ಮರ, ಹಂಚು, ಎಲ್ಲ ಈ ನೆಲದ್ದೇ. ಕಲ್ಲು ಕಡಿದವರು, ಹೊತ್ತವರು, ಗಾರೆ ಕಲಸಿದವರು ಸುತ್ತಮುತ್ತಲಿನ ಜನ. ಅವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಕಾಣಿಸಲಿಲ್ಲ. ಮಳೆಗಾಲದಲ್ಲಿ ಗುಡ್ಡದ ಮೇಲೆ ನಿಂತವರಿಗೆ ಗೊತ್ತು, ಕಡಲಿನಿಂದ ಬರುವ ಗಾಳಿಮಳೆ ಹೇಗೆ ಅಡ್ಡಡ್ಡ ಹೊಡೆಯುತ್ತದೆ ಅಂತ. ಆ ಮಳೆಯಲ್ಲಿ ನೂರಾ ಮೂವತ್ತೈದು ವರ್ಷಕ್ಕೂ ಜಾಸ್ತಿ ನಿಂತ ಗೋಡೆ ಕಟ್ಟಿದವರ ಕೈಗೂ ಈ ಶಾಲೆಯ ಕಥೆಯಲ್ಲಿ ಪಾಲಿದೆ.

ಪಾಠ ಏನಿತ್ತು? ಇಲ್ಲಿ ಮೂರು ಕಡೆಯ ಎಳೆತ ಇತ್ತು. ಊರಿನವರಿಗೆ ಬೇಕಾದದ್ದು ಇಂಗ್ಲಿಷ್ ಮತ್ತು ಮೆಟ್ರಿಕ್. ಜೆಸ್ವಿಟರಿಗೆ 1599ರಿಂದಲೇ ಬರೆದಿಟ್ಟ ತಮ್ಮದೇ ಪಾಠಕ್ರಮ ಇತ್ತು. ಲ್ಯಾಟಿನ್, ಭಾಷಣ, ನಾಟಕ, ಕಲಿತದ್ದನ್ನು ಮತ್ತೆ ಮತ್ತೆ ಒಪ್ಪಿಸುವುದು, ಹುಡುಗರ ನಡುವೆ ಪೈಪೋಟಿ, ಇವೆಲ್ಲ ಅದರಲ್ಲಿ ಬರುತ್ತವೆ. ಮೂರನೆಯದು ಮದ್ರಾಸ್ ಸರ್ಕಾರ. 1854ರಲ್ಲಿ ಶಿಕ್ಷಣದ ಬಗ್ಗೆ ಬಂದ ವುಡ್ ವರದಿಯ ನಂತರ ಖಾಸಗಿ ಶಾಲೆಗಳಿಗೂ ಸರ್ಕಾರದ ಸಹಾಯಧನ ಸಿಗುತ್ತಿತ್ತು. ಧರ್ಮದ ಪಾಠದ ತಂಟೆಗೆ ಸರ್ಕಾರ ಬರುವುದಿಲ್ಲ, ಆದರೆ ಗಣಿತ, ಭಾಷೆ, ಚರಿತ್ರೆ ಸರಿಯಾಗಿ ನಡೆಯಬೇಕು, ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಹೀಗಾಗಿ ಇಟಲಿಯ ಪಾದ್ರಿ ಮದ್ರಾಸಿನ ಸಿಲೆಬಸ್ಸನ್ನು ಇಂಗ್ಲಿಷಿನಲ್ಲಿ ಕೊಂಕಣಿ, ತುಳು, ಕನ್ನಡ ಮಾತಾಡುವ ಹುಡುಗರಿಗೆ ಕಲಿಸಬೇಕಾಯಿತು. ಅವರಿಗೆ ಇಂಗ್ಲಿಷ್ ಮನೆಮಾತಲ್ಲ, ಹುಡುಗರಿಗೂ ಅಲ್ಲ. ಇಬ್ಬರಿಗೂ ಪರಭಾಷೆಯಾದ ಒಂದು ಮಾತಿನಲ್ಲಿ ಬೀಜಗಣಿತ ನಡೆದಿರಬೇಕಾದರೆ ಎರಡೂ ಕಡೆ ಎಷ್ಟು ತಾಳ್ಮೆ ಬೇಕಾಗಿರಬಹುದು! ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಮದ್ರಾಸಿಗೆ ಹೋಗಿ ಓದುವುದು ಸಾಮಾನ್ಯ ಮನೆಯ ಹುಡುಗನಿಗೆ ಕನಸಿನ ಮಾತು. ಅದಕ್ಕೇ ಊರಿನಲ್ಲೇ ಹೈಸ್ಕೂಲು, ಅದರ ಮೇಲೆ ಕಾಲೇಜು ಅನ್ನುವುದು ಇವತ್ತು ನಮಗೆ ತೋರುವುದಕ್ಕಿಂತ ಬಹಳ ದೊಡ್ಡದು.

ಕೆಥೊಲಿಕರು ಕರೆಸಿದ ಶಾಲೆ, ಆದರೆ ಕೆಥೊಲಿಕರಿಗೆ ಮಾತ್ರ ಅಂತ ಆಗಲಿಲ್ಲ. ಶುರುವಿನ ವರ್ಷಗಳಿಂದಲೇ ಹಿಂದೂ ಹುಡುಗರೂ ಬಂದರು. ಒಂದು ಶಾಲೆಯೊಳಗೆ ಎರಡು ಬಗೆಯ ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದಕ್ಕೆ ನಮ್ಮ ಕಡೆಯ ಕ್ರಿಶ್ಚಿಯನ್ ಶಾಲೆಗಳಲ್ಲಿ ಒಂದು ಪದ್ಧತಿ ಬೆಳೆದು ಬಂತು. ಅದರೊಳಗೇ ನಾನೂ ಬೆಳೆದೆ. ವಾರದಲ್ಲಿ ಒಂದು ಪಿರಿಯಡ್‌ಗೆ ಬೆಲ್ ಹೊಡೆದ ಕೂಡಲೇ ಕ್ಲಾಸು ಎರಡಾಗುತ್ತಿತ್ತು. ಕ್ರಿಶ್ಚಿಯನ್ ಹುಡುಗರು ಕೆಟೆಕಿಸಂಗೆ, ಅಂದರೆ ಅವರ ಧರ್ಮದ ಪಾಠಕ್ಕೆ, ಉಳಿದ ನಾವೆಲ್ಲ ಮೋರಲ್ ಸಯನ್ಸಿಗೆ. ನಲವತ್ತು ನಿಮಿಷ ಕಳೆದು ಮತ್ತೆ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಬೇರೆಯಾಗುವುದು, ಮತ್ತೆ ಸೇರುವುದು, ಎರಡೂ ಟೈಂಟೇಬಲ್ಲಿನ ಭಾಗ. ನಮ್ಮ ನಂಬಿಕೆಯನ್ನು ಬದಲಾಯಿಸಿ ಅಂತ ಅಲ್ಲಿ ಯಾರೂ ನನಗೆ ಹೇಳಲಿಲ್ಲ. ಈ ಮಾತನ್ನು ಈಗಿನ ದಿನಗಳಲ್ಲಿ ಗಟ್ಟಿಯಾಗಿಯೇ ಹೇಳಬೇಕು ಅನ್ನಿಸುತ್ತದೆ, ಯಾಕೆಂದರೆ ಅಂಥ ಶಾಲೆಯೊಳಗೆ ಕಾಲಿಡದವರು ಬೇರೆ ಥರ ಹೇಳುವುದನ್ನು ಕೇಳಿದ್ದೇನೆ.

ಹುಡುಗರ ಮಾತು ಕಲಿತ ಪಾದ್ರಿ

ಮೊದಲ ವರ್ಷಗಳ ಜೆಸ್ವಿಟರಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸುವವರು ಫಾದರ್ ಆಂಜೆಲೊ ಮಾಫೆಯ್. ಇಟಲಿಯ ಕಡೆಯವರು, 1844ರಲ್ಲಿ ಹುಟ್ಟಿದವರು. ಮಂಗಳೂರಿಗೆ ಬಂದವರು ಇಲ್ಲಿಯ ಜನ ಮನೆಯಲ್ಲಿ ಆಡುವ ಕೊಂಕಣಿಯನ್ನು ಕೂತು ಕಲಿತರು. ಸುಮ್ನೆ ಚರ್ಚಿನಲ್ಲಿ ಉಪದೇಶ ಹೇಳುವಷ್ಟು ಕಲಿತು ಬಿಡಲಿಲ್ಲ. 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟು ಹೊರಬಂದವು. ಬಂದ ಐದೇ ವರ್ಷಗಳಲ್ಲಿ ಇಷ್ಟು ಕೆಲಸ! ಕೊಂಕಣಿ ಪದಗಳಿಗೆ ಅವರು ಬಳಸಿದ್ದು ಕನ್ನಡ ಅಕ್ಷರ.

ಅದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಆ ಪುಸ್ತಕಗಳು ಅಚ್ಚಾದದ್ದು ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ. ಹೌದು, ಯಾವ ಪ್ರೊಟೆಸ್ಟಂಟರ ಶಾಲೆಗೆ ಮಕ್ಕಳನ್ನು ಕಳಿಸಲು ಮನಸ್ಸಿಲ್ಲದೆ ಊರವರು ಜೆಸ್ವಿಟರನ್ನು ಕರೆಸಿದರೋ, ಅವರದ್ದೇ ಅಚ್ಚುಕೂಟ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಪೀಠದ ಮೇಲೆ ನಿಂತು ಒಬ್ಬರನ್ನೊಬ್ಬರು ಒಪ್ಪದವರು ಅಚ್ಚಿನ ಮೊಳೆಗಳ ಮುಂದೆ ಒಟ್ಟಿಗೆ ಕೂತರು. ಕನ್ನಡ ಅಕ್ಷರದ ಮೊಳೆ ಯಾರ ಹತ್ತಿರ ಚೆನ್ನಾಗಿದೆಯೋ ಅಲ್ಲಿಗೆ ಹೋದರು. ಆ ಕಾಲದ ಮಂಗಳೂರನ್ನು ಬರೀ ಪೈಪೋಟಿಯ ಊರು ಅಂತ ಬರೆಯುವವರು ಈ ಪುಸ್ತಕಗಳ ಮೊದಲ ಪುಟವನ್ನು ಒಮ್ಮೆ ತೆರೆದು ನೋಡಬೇಕು.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಪಾದ್ರಿ ಕೊಂಕಣಿ ಕಲಿತರು, ವ್ಯಾಕರಣ ಬರೆದರು. ಶಾಲೆಯ ಒಳಗೆ ಮಾತ್ರ ಇಂಗ್ಲಿಷಿನದ್ದೇ ರಾಜ್ಯ. ಕೊಂಕಣಿಯನ್ನು ಕರ್ನಾಟಕದ ಶಾಲೆಯಲ್ಲಿ ಮೂರನೇ ಭಾಷೆಯಾಗಿ ಕಲಿಯುವ ಅವಕಾಶ ಬರಲು 21ನೇ ಶತಮಾನದವರೆಗೆ ಕಾಯಬೇಕಾಯಿತು. ಇದಕ್ಕೆ ಪಾದ್ರಿಗಳನ್ನು ಮಾತ್ರ ದೂರುವುದು ಸರಿಯಲ್ಲ. ಊರವರು ಕೇಳಿದ್ದೇ ಇಂಗ್ಲಿಷನ್ನು. ಕೇಳಿದವರಿಗೆ ಕೇಳಿದ್ದೇ ಸಿಕ್ಕಿತು. ಮನೆಮಾತು ಮನೆಯಲ್ಲಿ ಹೇಗೂ ಇರುತ್ತದೆ, ಶಾಲೆಯಲ್ಲಿ ಯಾಕೆ ಅಂತ ಅವರು ಅಂದುಕೊಂಡಿರಬೇಕು. ನಾವು ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇವೆ. ಕನ್ನಡದ ವಿಷಯದಲ್ಲೂ, ತುಳುವಿನ ವಿಷಯದಲ್ಲೂ.

ಛಾವಣಿಯ ಚಿತ್ರ, ಊರಿನ ಪ್ಲೇಗು

ಈಗ ಚಾಪೆಲ್ಲಿಗೆ ಬರೋಣ. ಅಲ್ಲಿಯ ಚಿತ್ರಗಳು ಶಾಲೆಯ ಜೊತೆ ಹುಟ್ಟಿದವಲ್ಲ. ಬ್ರದರ್ ಅಂತೋನಿಯೊ ಮೊಸ್ಕೇನಿ ಅವನ್ನು ಬರೆದದ್ದು 1899ರ ಸುಮಾರಿನಿಂದ ಮುಂದಿನ ಒಂದೆರಡು ವರ್ಷಗಳಲ್ಲಿ. ಅಷ್ಟು ಹೊತ್ತಿಗೆ ಶಾಲೆಗೆ ಇಪ್ಪತ್ತು ವರ್ಷ ತುಂಬುತ್ತಾ ಬಂದಿತ್ತು. ಮೊಸ್ಕೇನಿ ಬೆರ್ಗಾಮೊ ಕಡೆಯವರು, 1854ರಲ್ಲಿ ಹುಟ್ಟಿದವರು. ಗೋಡೆಗಳಿಗೆ ಹಸಿ ಗಾರೆಯ ಮೇಲೆ ಬಣ್ಣ ಬರೆದರು. ಗಾರೆ ಒಣಗುವುದರೊಳಗೆ ಕೆಲಸ ಮುಗಿಯಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಹಚ್ಚಬೇಕು. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದವು. ಮಂಗಳೂರಿನ ಕೆಲಸ ಮುಗಿಸಿದ ಮೇಲೆ ಬೇರೆ ಕಡೆಯೂ ಬರೆದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ವಯಸ್ಸು ಐವತ್ತೊಂದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮೋರಲ್ ಸಯನ್ಸ್ ತೆಗೆದುಕೊಳ್ಳುತ್ತಿದ್ದ ಮಾಸ್ಟ್ರು ಒಂದು ದಿನ ಪುಸ್ತಕ ಮುಚ್ಚಿ, "ಬನ್ನಿ ಮಕ್ಕಳೇ" ಅಂತ ನಮ್ಮನ್ನು ಚಾಪೆಲ್ಲಿಗೆ ಕರೆದುಕೊಂಡು ಹೋದರು. ಜುಲೈ ತಿಂಗಳು. ಹೊರಗೆ ಜಡಿಮಳೆ, ಒಳಗೆ ಕತ್ತಲೆ ಕತ್ತಲೆ. ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಬೆಂಚುಗಳ ಮೇಲೆ ಕೂತೆವು. ಮಾಸ್ಟ್ರು ಮೇಲೆ ಬೆರಳು ತೋರಿಸಿ ಸಂತ ಅಲೋಶಿಯಸ್ ಗೊನ್ಜಾಗನ ಕಥೆ ಹೇಳಿದರು. ಇಟಲಿಯ ಸಿರಿವಂತ ಮನೆತನದ ಹಿರಿಮಗ. ಪಟ್ಟ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಕಾಯಿಲೆಯವರನ್ನು ಎತ್ತಿ ಆಸ್ಪತ್ರೆಗೆ ತರುತ್ತಿದ್ದ. ಅದೇ ಕಾಯಿಲೆ ತಗುಲಿ 1591ರಲ್ಲಿ ತೀರಿಹೋದ. ಇಪ್ಪತ್ತಮೂರು ವರ್ಷ. ನಮ್ಮಲ್ಲೊಬ್ಬ ಹುಡುಗ ಕೇಳಿದ, "ಅವನಿಗೆ ಹೆದರಿಕೆ ಆಗಲಿಲ್ವಾ ಸರ್?" ಮಾಸ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಗಿರಬೇಕು. ನನಗಂತೂ ಆಗುತ್ತಿತ್ತು" ಅಂದರು. ಅಷ್ಟೇ. ಉಪದೇಶ ಏನೂ ಸೇರಿಸಲಿಲ್ಲ. ಒಬ್ಬ ಮಾಸ್ಟ್ರು ಮಕ್ಕಳ ಮುಂದೆ ಇಷ್ಟು ನೇರವಾಗಿ ಮಾತಾಡಿದ್ದನ್ನು ಮೊದಲ ಬಾರಿ ಕೇಳಿದ್ದೆ. ಮಳೆ ಸ್ವಲ್ಪ ಕಡಿಮೆ ಆಗುವವರೆಗೆ ಅಲ್ಲೇ ಕೂತಿದ್ದು ಆಮೇಲೆ ಕ್ಲಾಸಿಗೆ ಓಡಿದೆವು.

ದೊಡ್ಡವನಾದ ಮೇಲೆ ವರ್ಷಗಳನ್ನು ಜೋಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊಳೆಯಿತು. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಅಲ್ಲಿಂದ ಊರೂರಿಗೆ ಹಬ್ಬಿತು. ಮೊಸ್ಕೇನಿ ಅಟ್ಟಣೆ ಹತ್ತಿ, ಕಾಯಿಲೆಯವರ ಸೇವೆ ಮಾಡುವ ಅಲೋಶಿಯಸ್‌ನನ್ನು ಬರೆದದ್ದು ಅದೇ ವರ್ಷಗಳಲ್ಲಿ. 1902ರಲ್ಲಿ ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಪ್ಲೇಗಿನವರಿಗಾಗಿ ಆಸ್ಪತ್ರೆ ತೆರೆದರು. ಇವತ್ತು ನಾವು ಹಳೆಯ ಸಂತನ ಕಥೆ ಅಂತ ನೋಡುವ ಚಿತ್ರ, ಅದನ್ನು ಮೊದಲು ನೋಡಿದ ಹುಡುಗರಿಗೆ ಹಳೆಯದಾಗಿರಲಿಲ್ಲ. ಆ ಕಾಯಿಲೆಯ ಹೆಸರು ಅವರ ಮನೆಯಲ್ಲಿ ದಿನಾ ಕೇಳಿಬರುತ್ತಿತ್ತು. ಕೊರೋನಾ ಕಾಲದಲ್ಲಿ ಆ ಛಾವಣಿ ನನಗೆ ಎಷ್ಟೋ ಸಲ ನೆನಪಿಗೆ ಬಂತು. ಚಾಪೆಲ್ ತೋರಿಸುವವರು ಬಣ್ಣ, ವಿಸ್ತೀರ್ಣ ಹೇಳುತ್ತಾರೆ, ಈ ಸಂಬಂಧವನ್ನೂ ಹೇಳಿದರೆ ಒಳ್ಳೆಯದು.

ಕೇಳುವ ಶಕ್ತಿ ಇಲ್ಲದವರು

ಊರವರು ಕೇಳಿ ಪಡೆದ ಶಾಲೆ ಅಂತ ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಹಾಗೆ ಬರೆಯುವಾಗಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಕೇಳಲು ಯಾರಿಗೆ ಸಾಧ್ಯವಿತ್ತು? ರೋಮಿಗೆ ಕಾಗದ ಬರೆಯಲು ಅಕ್ಷರ ಬೇಕು, ಜಾಗ ಕೊಡಲು ಜಾಗ ಇರಬೇಕು. ಮಂಗಳೂರಿನ ಗೌಡ ಸಾರಸ್ವತರು ತಮ್ಮ ದಾರಿ ಹಿಡಿದರು. ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ಶುರುಮಾಡಿದರು. ಮುಂದೆ 1906ರಲ್ಲಿ ಕೆನರಾ ಬ್ಯಾಂಕನ್ನು ಹುಟ್ಟುಹಾಕಿದವರೂ ಅವರೇ. ಒಂದು ಸಮುದಾಯ ಶಾಲೆ ತೆರೆದದ್ದನ್ನು ನೋಡಿ ಇನ್ನೊಂದು ಸಮುದಾಯಕ್ಕೂ ಹುರುಪು ಬಂದಿರಬೇಕು. ನಮ್ಮ ಜಿಲ್ಲೆ ಓದಿನಲ್ಲಿ ಮುಂದೆ ಬಂದದ್ದು ಈ ಹುರುಪಿನಿಂದ ಅಂತ ನನ್ನ ನಂಬಿಕೆ.

ಆದರೆ ಯಾರ ಬಳಿ ಜಾಗವೂ ಇಲ್ಲ, ಅಕ್ಷರವೂ ಇಲ್ಲ, ಅಂಥವರ ಪರವಾಗಿ ಯಾರು ಕಾಗದ ಬರೆಯಬೇಕು? ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ದೂರವಾಗಬೇಕಾಯಿತು. ಗುಡ್ಡದ ಮೇಲೆ ಹೈಸ್ಕೂಲು, ಕಾಲೇಜು ನಡೆಯುತ್ತಿದ್ದ ಊರಿನಲ್ಲೇ, 1892ರಲ್ಲಿ, ಕೆಲವು ಮಕ್ಕಳಿಗೆ ಅ ಆ ಇ ಈ ಕಲಿಸುವುದಕ್ಕೆ ಒಬ್ಬ ಮನುಷ್ಯ ಇಷ್ಟು ಬೆಲೆ ಕೊಡಬೇಕಾಗಿತ್ತು. ಅಲೋಶಿಯಸ್‌ನ ಕಥೆ ಹೇಳುವಾಗ ಇದನ್ನೂ ಪಕ್ಕದಲ್ಲಿಟ್ಟೇ ಹೇಳಬೇಕು. ಎರಡೂ ಒಂದೇ ಊರಿನ, ಒಂದೇ ಹನ್ನೆರಡು ವರ್ಷದ ಕಥೆ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಶಾಲೆ ಅವರಿಗೆ 1870ರಲ್ಲೇ ಸಿಕ್ಕಿತು, ಹುಡುಗರಿಗಿಂತ ಮೊದಲು. ಆದರೆ ಹುಡುಗರಿಗೆ ಗುಡ್ಡದ ಮೇಲೆ ಹೈಸ್ಕೂಲಿನ ಜೊತೆಗೇ ಕಾಲೇಜು ಬೆಳೆಯಿತು. ಹುಡುಗಿಯರಿಗೆ ಸೇಂಟ್ ಆಗ್ನೆಸ್ ಕಾಲೇಜು ಬಂದದ್ದು 1921ರಲ್ಲಿ, ಅದೂ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳೇ ಮುಂದೆ ನಿಂತು ಮಾಡಿದ್ದರಿಂದ. ನಡುವೆ ಐವತ್ತು ವರ್ಷ. ಈ ಐವತ್ತು ವರ್ಷದಲ್ಲಿ ಶಾಲೆ ಮುಗಿಸಿ ಮುಂದೆ ಓದಬೇಕು ಅಂದುಕೊಂಡ ಹುಡುಗಿಯರು ಎಷ್ಟು ಮಂದಿ ಇದ್ದಿರಬೇಕು. ಅವರ ಅಣ್ಣತಮ್ಮಂದಿರು ಗುಡ್ಡ ಹತ್ತುವುದನ್ನು ಅವರು ಮನೆಯ ಜಗಲಿಯಿಂದ ನೋಡಿರಬೇಕು.

ಬರೆದವರು ಯಾರು

ಹಾಗಾದರೆ ಕರೆಸಿದವರ ಕಥೆ ಯಾಕೆ ಬಂದವರ ಕಥೆಯಾಯಿತು? ಯಾರನ್ನೂ ದೂರುವಂಥ ಕಾರಣ ಇಲ್ಲ. ಬರೆಯುವ ಅಭ್ಯಾಸ ಇದ್ದದ್ದು ಬಂದವರಿಗೆ. ಜೆಸ್ವಿಟರು ಎಲ್ಲೇ ಹೋದರೂ ತಮ್ಮ ಹಿರಿಯರಿಗೆ ತಪ್ಪದೆ ಕಾಗದ ಬರೆಯುವವರು. 1882ರಲ್ಲಿ ಕೊಡಿಯಾಲ್‌ಬೈಲ್‌ನಲ್ಲಿ ತಮ್ಮದೇ ಅಚ್ಚುಕೂಟ ಮಾಡಿಕೊಂಡರು. 1897ರಿಂದ ಅಲೋಶಿಯಸ್‌ನಿಂದಲೇ 'ಮ್ಯಾಂಗಲೋರ್ ಮ್ಯಾಗಜಿನ್' ಹೊರಟಿತು. 1905ರಲ್ಲಿ ಫಾದರ್ ಮೂರ್ ಅವರ ಮಂಗಳೂರು ಧರ್ಮಪ್ರಾಂತದ ಇತಿಹಾಸ ಅಚ್ಚಾಯಿತು. ನಾವು ಇವತ್ತು ಆ ಕಾಲದ ಬಗ್ಗೆ ಏನೇ ಹೇಳಿದರೂ ಅವರು ಬರೆದಿಟ್ಟದ್ದನ್ನೇ ಹಿಡಿದು ಹೇಳುತ್ತೇವೆ. ಅವರು ಬರೆಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆ ಪುಟಗಳಲ್ಲಿ ಊರಿನವರ ಬೇಡಿಕೆಯೂ ಇದೆ, ದಾನವೂ ಇದೆ. ಆದರೆ ಹುಡುಗನನ್ನು ಶಾಲೆಗೆ ಹಾಕಲು ಯಾವ ಅಮ್ಮ ಯಾವ ಬಳೆ ಮಾರಿದಳು, ಬಂಟ್ವಾಳದ ಕಡೆಯಿಂದ ಬಂದ ಹುಡುಗ ಪೇಟೆಯಲ್ಲಿ ಯಾರ ಮನೆಯಲ್ಲಿ ಉಳಿದು ಓದಿದ, ಮೆಟ್ರಿಕ್‌ನಲ್ಲಿ ಫೇಲಾದವನು ಎಲ್ಲಿಗೆ ಹೋದ, ಇಂಥದ್ದು ಅಲ್ಲಿ ಸಿಗುವುದಿಲ್ಲ.

ಅದು ಮನೆಗಳಲ್ಲಿ ಇರಬಹುದು. ಹಳೆಯ ಮರದ ಪೆಟ್ಟಿಗೆಗಳಲ್ಲಿ, ಪ್ರಾರ್ಥನೆ ಪುಸ್ತಕದ ನಡುವೆ, ಜಾಗದ ಕಾಗದಗಳ ಕಟ್ಟಿನೊಳಗೆ. ಫೀಸು ಕಟ್ಟಿದ ಚೀಟಿ, ಮದ್ರಾಸಿನಿಂದ ಬಂದ ಮೆಟ್ರಿಕ್ ಸರ್ಟಿಫಿಕೇಟು, ಮುಂಬಯಿಗೆ ಕೆಲಸಕ್ಕೆ ಹೋದ ಮಗ ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದ ಕಾಗದ. ಬಾಯಮ್ಮ ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಮಾರಿದರು. ಹಂಚಿನ ಮನೆ ಇದ್ದಲ್ಲಿ ಈಗ ಫ್ಲ್ಯಾಟುಗಳಿವೆ. ಮನೆ ಖಾಲಿ ಮಾಡುವ ದಿನ ಹಳೆಯ ಕಾಗದಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿದ್ದರಂತೆ, ಅಮ್ಮ ಫೋನಿನಲ್ಲಿ ಹೇಳಿದರು. ನಾನಾಗ ಬೆಂಗಳೂರಿನಲ್ಲಿದ್ದೆ. ಈ ಬರಹ ಓದುವವರಲ್ಲಿ ಅಲೋಶಿಯಸ್‌ನ ಹಳೆಯ ಮನೆತನಗಳವರು ಇದ್ದರೆ ನನ್ನದೊಂದು ಕೋರಿಕೆ. ಪೆಟ್ಟಿಗೆ ಖಾಲಿ ಮಾಡುವ ಮುಂಚೆ ಒಮ್ಮೆ ತೆರೆದು ನೋಡಿ. ಓದಲು ಬಾರದ ಕೈಬರಹವಾದರೂ ಬಿಸಾಡಬೇಡಿ, ಫೋಟೋ ತೆಗೆದಿಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಅಜ್ಜ ಶಾಲೆಗೆ ಹೇಗೆ ಹೋಗುತ್ತಿದ್ದರು ಅಂತ ಇವತ್ತೇ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.